ಸ್ಕೂಬಾ ಚೆನ್ನಾಗಿ ಕಲಿಸಿದರು, ಸಂಪಾಜೆ ಘಾಟಿಯ ಮಾತೆತ್ತಲಿಲ್ಲ

ಕಾಫಿ ಕೊಯ್ಲು ಮುಗಿದು ಹೂಮಳೆಗೆ ಆಕಾಶ ನೋಡುವ ದಿನಗಳಲ್ಲಿ ನಮ್ಮ ಕೊಡಗಿನ ತೋಟದವರಿಗೆ ಒಂದಿಷ್ಟು ಬಿಡುವು. ಈ ಸಲದ ಬಿಡುವಿನಲ್ಲಿ ಮುರುಡೇಶ್ವರಕ್ಕೆ ಹೋಗಿ ಓಪನ್ ವಾಟರ್ ಡೈವರ್ ಕೋರ್ಸ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರದಲ್ಲಿ ಮುಳುಗುವ ಸ್ಕೂಬಾದ ಮೊದಲ ಪಾಠ, ಮುಗಿಸಿ ಬಂದೆ. ವಯಸ್ಸು 46. ಈಜು ಕಲಿತದ್ದು ತೋಟದ ಕೆರೆಯಲ್ಲಿ, ಪಾಚಿ ನೀರು ಕುಡಿದು. ಖರ್ಚು 25 ಸಾವಿರದ ಸುತ್ತ. ಕಲಿಸಿದ ಡೈವಿಂಗ್ ಅಂಗಡಿಯ ಹೆಸರು ಬೇಡ.

ಮೊದಲ ಫಾರ್ಮಿನಲ್ಲೇ ತಕರಾರು. ಆರೋಗ್ಯದ ಪ್ರಶ್ನೆಗಳ ಹಾಳೆ ಕೊಟ್ಟ ಹುಡುಗ, "ಎಲ್ಲದಕ್ಕೂ ಇಲ್ಲ ಅಂತ ಹಾಕಿ ಸಾರ್, ಇಲ್ಲಾಂದ್ರೆ ಡಾಕ್ಟರ್ ಹತ್ರ ಓಡಾಡ್ಬೇಕಾಗತ್ತೆ" ಅಂದ. ನನಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ನೀರಿನ ಮೇಲಕ್ಕೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಎದೆಯ ಯಾವುದೋ ಮೂಲೆಯಲ್ಲಿ ಅದು ಸಿಕ್ಕಿಕೊಂಡರೆ ಶ್ವಾಸಕೋಶವೇ ಹರಿಯಬಹುದು. ಆ ಪ್ರಶ್ನೆ ಇರುವುದು ಅದಕ್ಕೆ. ನಾನು ಮಡಿಕೇರಿಯಲ್ಲೇ ವೈದ್ಯರ ಸಹಿ ಮಾಡಿಸಿಕೊಂಡು ಹೋಗಿದ್ದೆ. ಹುಡುಗ ಅದನ್ನು ಓದಲೂ ಇಲ್ಲ, ಫೈಲಿಗೆ ಸಿಕ್ಕಿಸಿದ.

ಈಜಿನ ಪರೀಕ್ಷೆಯೂ ಹೀಗೇ ಶುರುವಾಯಿತು. ನಿಯಮದ ಪ್ರಕಾರ 200 ಮೀಟರ್ ನಿಲ್ಲದೆ ಈಜಬೇಕು, ಆಮೇಲೆ 10 ನಿಮಿಷ ತೇಲಬೇಕು. ಕೊಳದ ಉದ್ದ 12 ಮೀಟರ್. ನಾಲ್ಕು ಸುತ್ತಿಗೇ "ಸಾಕು ಬನ್ನಿ" ಎಂದರು. ನಾನು ಬರಲಿಲ್ಲ. ಆ ಉದ್ದವನ್ನು 17 ಸಲ ಈಜಿ, ಏದುಸಿರು ಬಿಡುತ್ತಾ ಹತ್ತಿದೆ. ಜೊತೆಗಿದ್ದ ಬೆಂಗಳೂರಿನ ಮೂವರು ನನ್ನನ್ನು ನೋಡಿದ ನೋಟದಲ್ಲಿ ಹೆಮ್ಮೆಯೇನೂ ಇರಲಿಲ್ಲ.

ಇಷ್ಟು ಓದಿ ಅಂಗಡಿ ಕೆಟ್ಟದ್ದು ಎಂದುಕೊಳ್ಳಬೇಡಿ. ನಮಗೆ ಸಿಕ್ಕ ಗುರು ಬೇರೆಯೇ ಧಾತುವಿನ ಮನುಷ್ಯ. ಮುಖವಾಡದೊಳಗೆ ನೀರು ತುಂಬಿಕೊಂಡು ಮೂಗಿನಿಂದ ಊದಿ ಹೊರಹಾಕುವುದು ನನಗೆ ಒಗ್ಗಲೇ ಇಲ್ಲ. ಆರು ಸಲ ಕೆಮ್ಮಿ ಮೇಲೆದ್ದೆ. ಅವರು ಒಮ್ಮೆಯೂ ಗಡಿಯಾರ ನೋಡಲಿಲ್ಲ. ನೀರಿಗಿಳಿಯುವ ಮುನ್ನ ಜೋಡಿಯವರು ಒಬ್ಬರದ್ದೊಬ್ಬರು ಪರೀಕ್ಷಿಸಬೇಕು: ಗಾಳಿ ತುಂಬುವ ಜಾಕೆಟ್, ಸೀಸದ ತೂಕ, ಬಿಡಿಸುವ ಬಕಲ್‌ಗಳು, ಸಿಲಿಂಡರಿನ ಗಾಳಿ. "ಈಗ ತಾನೇ ನೋಡಿದೆನಲ್ಲ" ಎಂದರೂ ಬಿಡುತ್ತಿರಲಿಲ್ಲ. ನನಗೆ ಅಪ್ಪನ ನೆನಪಾಯಿತು. ಕೋವಿ ಖಾಲಿಯಿದೆ ಎಂದು ಯಾರೇ ಹೇಳಿ ಕೊಡಲಿ, ನಮ್ಮ ಆಯುಧದ ಹಬ್ಬ ಕೈಲ್‌ಪೊಳ್ದಿನ ಪೂಜೆಗೆ ಇಡುವ ಕೋವಿಯೇ ಆಗಲಿ, ಅವರು ಮಡಚಿ ನಳಿಗೆಯೊಳಗೆ ಕಣ್ಣಿಟ್ಟು ನೋಡಿದ ಮೇಲೆಯೇ ಕೈ ಬದಲಾಗುತ್ತಿತ್ತು.

ನಾವು ಮುಳುಗಿದ ನೇತ್ರಾಣಿ ದ್ವೀಪ ದಡದಿಂದ ಸುಮಾರು 19 ಕಿ.ಮೀ. ಮೀನು, ಹವಳ ಇತ್ಯಾದಿ ನೀವು ಎಷ್ಟೋ ಫೋಟೊದಲ್ಲಿ ನೋಡಿದ್ದೀರಿ, ಬಿಡಿ. ನಾನು ನೋಡಿದ್ದು ದೋಣಿಯನ್ನು. ಆಮ್ಲಜನಕದ ಪೆಟ್ಟಿಗೆ ಇತ್ತು, ಕೇಳಿದಾಗ ತೆರೆದು ಮೀಟರ್ ತೋರಿಸಿದರು. ತುರ್ತು ನಂಬರುಗಳ ಹಾಳೆಯನ್ನು ಚಾಲಕನ ತಲೆಯ ಮೇಲೆ ಅಂಟಿಸಿದ್ದರು. ಎರಡನೇ ದಿನ ಬೆಳಿಗ್ಗೆ, ಒಂದು ಸಲ ಮುಳುಗಿ ಫೋಟೊ ತೆಗೆಸಿಕೊಳ್ಳಲು ಬಂದಿದ್ದ ಇಬ್ಬರನ್ನು ನಮ್ಮ ನಾಲ್ವರ ಗುಂಪಿಗೇ ಸೇರಿಸಲು ಮ್ಯಾನೇಜರ್ ನೋಡಿದ. ನಮ್ಮ ಗುರು ಒಪ್ಪಲಿಲ್ಲ. "ಇವರಿಗೆ ಕಲಿಸ್ಲೋ, ಅವರ ಕೈ ಹಿಡ್ಕೊಳ್ಲೋ?" ಎಂದು ಕೇಳಿ ಸುಮ್ಮನೆ ಕೂತರು. ದೋಣಿ ಅರ್ಧ ಗಂಟೆ ತಡವಾಗಿ ಹೊರಟಿತು, ಆ ಇಬ್ಬರಿಗೆ ಬೇರೊಬ್ಬರು ಬಂದ ಮೇಲೆ.

ಮೇಲೆ ಬರುವಾಗ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವುದನ್ನೂ ತಪ್ಪಿಸಲಿಲ್ಲ. ಅಂಥ ಮನುಷ್ಯನಿಗೆ ಕೊನೆಗೆ ನಾನೊಂದು ಪ್ರಶ್ನೆ ಕೇಳಿದೆ. ಹಲವು ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂದು ಕಲಿಸಿದ್ದೀರಿ, ನಾನು ಇವತ್ತು ಸಂಜೆಯೇ ಮಡಿಕೇರಿಗೆ ಹೋಗುವುದಲ್ಲ? ಅವರು ನಕ್ಕರು. "ಕಾರಲ್ಲಿ ತಾನೇ ಹೋಗೋದು?"

ಕಾರಿನಲ್ಲೇ. ಆದರೆ ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ವಿಮಾನದೊಳಗಿನ ಒತ್ತಡವನ್ನು ಸಾಮಾನ್ಯವಾಗಿ 2,400 ಮೀಟರ್ ಎತ್ತರದಲ್ಲಿ ಇರುವುದಕ್ಕಿಂತ ಕಡಿಮೆಯಾಗಲು ಬಿಡುವುದಿಲ್ಲ. ವಿಮಾನದ ಆ ನಿಯಮಕ್ಕೆ ಆಧಾರವಾದ, ಡೈವರ್‌ಗಳ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಲೆಕ್ಕಕ್ಕೆ ಬರುತ್ತದೆ. ಆಳದಲ್ಲಿ ಉಸಿರಾಡುವಾಗ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂತ ಸಾರಜನಕಕ್ಕೆ ರೆಕ್ಕೆ ಕಾಣುವುದಿಲ್ಲ, ಚಕ್ರ ಕಾಣುವುದಿಲ್ಲ. ಸುತ್ತಲಿನ ಒತ್ತಡ ಇಳಿದರೆ ಗುಳ್ಳೆಯಾಗಿ ಹೊರಡುತ್ತದೆ, ಅಪಾಯ ಇರುವುದು ಅಲ್ಲೇ. ಪುತ್ತೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಮಡಿಕೇರಿ ಮುಟ್ಟುವಷ್ಟರಲ್ಲಿ ಬಲೂನಿನಂತೆ ಬಿಗಿದುಕೊಳ್ಳುವುದನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಘಾಟಿಯ ಬುಡದ ಸಂಪಾಜೆಯಿಂದ ಮಡಿಕೇರಿಗೆ ಬರೀ ಒಂದು ಗಂಟೆಯ ತಿರುವುಗಳು.

ಇದನ್ನೆಲ್ಲ ಅವರಿಗೆ ಹೇಳಿದೆ. ನಗು ನಿಂತಿತು. "ಕೊಡಗಿನವರು ತುಂಬಾ ಜನ ಬರ್ತಾರೆ" ಎಂದರು ಮೆಲ್ಲಗೆ. ಚಿಕ್ಕಮಗಳೂರಿನವರೂ ಬರುತ್ತಾರೆ. ಬುಕಿಂಗ್ ಮಾಡುವಾಗ ಊರು ಯಾವುದು ಅಂತ ಕೇಳುವ ಜಾಗ ಫಾರ್ಮಿನಲ್ಲಿದೆ. ಅದನ್ನು ಓದಿ, ನೀವು ಯಾವಾಗ ಘಾಟಿ ಹತ್ತುತ್ತೀರಿ ಎಂದು ಕೇಳುವವರು ಯಾರೂ ಇರಲಿಲ್ಲ.

ಕೊನೆಯ ಡೈವ್ ಮುಗಿದದ್ದು ಮಧ್ಯಾಹ್ನ 1ಕ್ಕೆ. ಆ ರಾತ್ರಿ ಘಾಟಿಯ ಕೆಳಗಿನ ಸುಳ್ಯದಲ್ಲಿ ದೊಡ್ಡಮ್ಮನ ಮನೆಯಲ್ಲಿ ಉಳಿದೆ. ಮಡಿಕೇರಿ ಇಷ್ಟು ಹತ್ತಿರ ಇಟ್ಟುಕೊಂಡು ಇಲ್ಲಿ ಮಲಗುವ ಕಾರಣ ಏನೆಂದು ಅವರಿಗೆ ವಿವರಿಸಲು ಊಟದ ಹೊತ್ತು ಪೂರ್ತಿ ಹೋಯಿತು. ಹೆಂಡತಿಯೊಡನೆ ಜಗಳ ಆಗಿದೆ ಎಂದೇ ಅವರ ತೀರ್ಮಾನ.

ಐದರಲ್ಲಿ ಮೂರು ನಕ್ಷತ್ರ, ಆ ಮೂರೂ ಗುರುವಿಗೆ. ತಂಗಿಯ ಮಗ ಡಿಸೆಂಬರ್‌ನಲ್ಲಿ ಹೋಗುತ್ತಾನಂತೆ. ಅದೇ ಅಂಗಡಿಗೆ ಹೋಗು, ಅವರೇ ಬೇಕು ಅಂತ ಮೊದಲೇ ಕೇಳು ಎಂದಿದ್ದೇನೆ. ಸುಳ್ಯದ ದೊಡ್ಡಮ್ಮನಿಗೂ ಫೋನ್ ಮಾಡಿ ಹೇಳಿಯಾಗಿದೆ.