ಡಾಬರ್‌ಮನ್ ಮರಿ ತರುವ ಮುಂಚೆ ಇದನ್ನು ಓದಿ

ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆ ಡಾಬರ್‌ಮನ್ ಮರಿ ಹುಡುಕುತ್ತಿರುವವರೇ, ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿ. ತಾಯಿ, ತಂದೆ ಎರಡಕ್ಕೂ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ (ರಕ್ತ ಸುಲಭವಾಗಿ ನಿಲ್ಲದ, ವಂಶದಿಂದ ಬರುವ ಕಾಯಿಲೆ) ಡಿಎನ್‌ಎ ಟೆಸ್ಟ್ ಆಗಿದೆಯಾ? ರಿಪೋರ್ಟ್ ತೋರಿಸದಿದ್ದರೆ ಮರಿ ತರಬೇಡಿ.

ನಮ್ಮ ಜೂಲಿಗೆ ಹಲ್ಲು ಬದಲಾಗುವಾಗ ಒಸಡಿನ ರಕ್ತ ನಿಲ್ಲುತ್ತಲೇ ಇರಲಿಲ್ಲ. ನೀರಿನ ಬಟ್ಟಲೆಲ್ಲ ಕೆಂಪಾಗುತ್ತಿತ್ತು. ಮಾರಿದವರಿಗೆ ಫೋನ್ ಮಾಡಿದರೆ, "ಬಳ್ಳಾರಿ ಬಿಸಿಲು ಸಾರ್, ಹೀಟ್ ಆಗಿರ್ತದೆ, ಮಜ್ಜಿಗೆ ಕುಡಿಸಿ" ಎಂದರು. ಟಿಕ್ ಫೀವರ್ (ಉಣ್ಣೆ ಕಚ್ಚಿ ಬರುವ ಜ್ವರ) ಇರಬಹುದೆಂದು ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಎಣಿಕೆ ನಾರ್ಮಲ್ ಬಂತು.

ಆಮೇಲೆ ಮರಿಯಾಗದಂತೆ ಆಪರೇಷನ್ ಮಾಡಿಸಿದೆವು. ಹೊಲಿಗೆ ಹಾಕಿದ ಮೇಲೂ ರಕ್ತ ಜಿನುಗುತ್ತಲೇ ಇತ್ತು. ಒತ್ತಿಟ್ಟ ಬಟ್ಟೆ ತೆಗೆದು ಹೊಸದು ಇಡುವಷ್ಟರಲ್ಲಿ ಅದೂ ಒದ್ದೆ. ಒಸಡು ಬಿಳಚಿಕೊಂಡಿತು. ಗೆಳೆಯರೊಬ್ಬರ ಲ್ಯಾಬ್ರಡಾರ್ ರಕ್ತ ಕೊಟ್ಟಿದ್ದಕ್ಕೆ ಜೂಲಿ ಉಳಿದಳು. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗಲೇ ಕಾಯಿಲೆಯ ಹೆಸರು ಗೊತ್ತಾಗಿದ್ದು.

ಗಾಯದ ಜಾಗಕ್ಕೆ ಪ್ಲೇಟ್‌ಲೆಟ್ ಅಂಟಿಕೊಳ್ಳಲು ರಕ್ತದಲ್ಲಿ ಒಂದು ಪ್ರೋಟೀನ್ ಬೇಕು. ಈ ನಾಯಿಗಳಲ್ಲಿ ಅದೇ ಕಡಿಮೆ. ಇಟ್ಟಿಗೆ ಬೇಕಾದಷ್ಟಿದೆ, ಸಿಮೆಂಟ್ ಇಲ್ಲ. ಅದಕ್ಕೇ ಎಣಿಕೆ ನೋಡಿ ಸಮಾಧಾನ ಪಡಬೇಡಿ. ಜರ್ಮನ್ ಶೆಫರ್ಡ್‌ಗಳಲ್ಲಿ ಬರುವ ಸ್ಕಾಟ್ ಸಿಂಡ್ರೋಮ್ ಎಂಬ ರಕ್ತಸ್ರಾವದ ಕಾಯಿಲೆಯಲ್ಲೂ ಅಷ್ಟೇ, ಎಣಿಕೆ ಸರಿಯಾಗಿರುತ್ತದೆ, ಪ್ಲೇಟ್‌ಲೆಟ್ ಮಾತ್ರ ಸರಿಯಾಗಿ ಕೆಲಸ ಮಾಡುವುದಿಲ್ಲ.

ನನಗೆ ಹೊಟ್ಟೆ ಉರಿಯುವುದು ಇಲ್ಲಿ. ರಿಪೋರ್ಟ್ ಕಳಿಸಿದ ಮೇಲೂ ಮಾರಿದವರು ಅದೇ ಜೋಡಿಯಿಂದ ಮತ್ತೆ ಮರಿ ಮಾಡಿಸಿದ್ದಾರೆ! "ತಂದೆ ತಾಯಿ ಗಟ್ಟಿಮುಟ್ಟಾಗಿವೆ, ಕೆಸಿಐ ಪೇಪರ್ ಇದೆ" ಅನ್ನುತ್ತಾರೆ. ಕೆನಲ್ ಕ್ಲಬ್ ಆಫ್ ಇಂಡಿಯಾದ (ಕೆಸಿಐ) ಆ ಪೇಪರ್ ವಂಶ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಈ ಕಾಯಿಲೆ ತರುವ ಕೆಟ್ಟ ಜೀನ್‌ನ ಒಂದೇ ಪ್ರತಿ ಇರುವ ನಾಯಿ ಸಾಮಾನ್ಯವಾಗಿ ಆರಾಮಾಗಿರುತ್ತದೆ. ಅಂಥ ಎರಡನ್ನು ಕೂಡಿಸಿದರೆ ಪ್ರತಿ ಮರಿಗೂ ಎರಡೂ ಕೆಟ್ಟ ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಎರಡು ಪ್ರತಿ ಇದ್ದವೆಲ್ಲ ಜೂಲಿಯಷ್ಟು ನರಳುವುದಿಲ್ಲ, ನಿಜ. ಆದರೆ ಯಾವುದು ನರಳುತ್ತದೆ ಅಂತ ಮೊದಲೇ ಯಾರಿಗೆ ಗೊತ್ತು? ಕೆನ್ನೆಯ ಒಳಗೆ ಹತ್ತಿ ಕಡ್ಡಿ ಉಜ್ಜಿ ಕಳಿಸಿದರೆ ಸಾಕು, ಟೆಸ್ಟ್ ಆಗುತ್ತದೆ. ಒಂದು ಪ್ರತಿ ಇರುವ ನಾಯಿಯನ್ನು ಪೂರ್ತಿ ಸರಿಯಿರುವ ನಾಯಿಯ ಜೊತೆ ಕೂಡಿಸಿದರೆ ಎರಡು ಪ್ರತಿಯ ಮರಿ ಹುಟ್ಟುವುದೇ ಇಲ್ಲ. ಇಷ್ಟು ಮಾಡಲು ಏನು ಕಷ್ಟ?

ನಾಯಿ ಮರಿ ಮಾಡಿಸುವ, ಮಾರುವ ಬಗ್ಗೆ ಇರುವ 2017ರ ನಿಯಮದ ಪ್ರಕಾರ ಬ್ರೀಡರ್‌ಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಅದನ್ನೂ ಕೇಳಿ.

ಈಗಾಗಲೇ ಡಾಬರ್‌ಮನ್ ಸಾಕಿದವರು ಯಾವುದೇ ಆಪರೇಷನ್‌ಗೆ ಮುಂಚೆ ಈ ಟೆಸ್ಟ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಮೊದಲೇ ಗೊತ್ತಿದ್ದರೆ ರಕ್ತಸ್ರಾವ ತಗ್ಗಿಸಲು ಡೆಸ್ಮೋಪ್ರೆಸಿನ್ ಇಂಜೆಕ್ಷನ್ ಕೊಡಬಹುದು, ರಕ್ತ ಕೊಡುವ ನಾಯಿಯನ್ನು ಗೊತ್ತು ಮಾಡಿಟ್ಟುಕೊಳ್ಳಬಹುದು. ನೋವಿಗೆ ಅಂತ ಮನೆಯಲ್ಲಿರುವ ಆಸ್ಪಿರಿನ್ ಮಾತ್ರ ಕೊಡಬೇಡಿ, ರಕ್ತಸ್ರಾವ ಇನ್ನೂ ಜಾಸ್ತಿಯಾಗುತ್ತದೆ.