ಹಾಯಿಯ ಮೇಲಿನ ಗುರುತು: ಆಪ್ಟಿಮಿಸ್ಟ್ ಲಾಂಛನದ ವಿಮರ್ಶೆ

1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ರೂಪಿಸಿದ, ಎರಡೂವರೆ ಮೀಟರಿಗೂ ಕಡಿಮೆ ಉದ್ದದ ಆಪ್ಟಿಮಿಸ್ಟ್ ಹಾಯಿದೋಣಿಯ ಲಾಂಛನದಲ್ಲಿ ಇರುವುದು ‘ಐ’ ಮತ್ತು ‘ಓ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಮಾತ್ರ. ಇದು ಹಳೆಯದಾಯಿತು, ಬದಲಿಸಬೇಕು ಎನ್ನುವವರ ವಾದ ನನಗೆ ಒಪ್ಪಿಗೆಯಾಗಿಲ್ಲ.

ಸ್ಪರ್ಧಾ ವರ್ಗದ, ಅಂದರೆ ಒಂದೇ ಮಾದರಿಯ ದೋಣಿಗಳು ತಮ್ಮತಮ್ಮಲ್ಲೇ ಸ್ಪರ್ಧಿಸುವ ಗುಂಪಿನ, ಲಾಂಛನವು ಅಂಗಡಿಯ ಫಲಕದಂತಲ್ಲ. ಅದು ಗಾಳಿಗೆ ಉಬ್ಬುವ, ಮಡಚಿಕೊಳ್ಳುವ, ಬಿಸಿಲಿಗೆ ಹೊಳೆಯುವ ಬಟ್ಟೆಯ ಮೇಲೆ, ದೇಶದ ಅಕ್ಷರಗಳು ಹಾಗೂ ಹಾಯಿಯ ಸಂಖ್ಯೆಯೊಂದಿಗೆ ಜಾಗ ಹಂಚಿಕೊಂಡು, ದೂರದ ದೋಣಿಯಲ್ಲಿ ಕುಳಿತ ತೀರ್ಪುಗಾರರಿಗೆ ಒಂದೇ ನೋಟಕ್ಕೆ ತಿಳಿಯಬೇಕು. ಬಣ್ಣಗಳ ಛಾಯೆ, ಸಣ್ಣ ಗೆರೆಗಳ ಕುಸುರಿ ಅಲ್ಲಿ ವ್ಯರ್ಥ. 1911ರ ಸ್ಟಾರ್ ವರ್ಗದ ನಕ್ಷತ್ರವೂ, 1949ರಲ್ಲಿ ರಿಕಾರ್ಡ್ ಸಾರ್ಬಿ ವಿನ್ಯಾಸಗೊಳಿಸಿದ ಫಿನ್ ದೋಣಿಯ ಎರಡು ಅಲೆಗೆರೆಗಳೂ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತವೆ; ಫಿನ್‌ನ ಅಲೆಗಳನ್ನಂತೂ ಮಗುವೂ ಮರಳಿನಲ್ಲಿ ಬರೆದು ತೋರಿಸಬಹುದು. ಆಪ್ಟಿಮಿಸ್ಟ್ ಗುರುತು ಅಷ್ಟು ಸುಂದರವಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಒಣಕಲು, ಆದರೆ ಓದಲು ತೊಡಕಿಲ್ಲ.

ಖರ್ಚಿನ ಪ್ರಶ್ನೆಯೂ ಇದೆ. ಲಾಂಛನ ಬದಲಾದರೆ ಹಳೆಯ ಹಾಯಿಗಳ ಗತಿಯೇನು? ಅವು ಸವೆಯುವವರೆಗೂ ಮಾನ್ಯವೆಂದು ನಿಯಮದಲ್ಲಿ ಬರೆಯದಿದ್ದರೆ, ಬೇಗ ಬೆಳೆದು ಹದಿನೈದು ದಾಟಿದೊಡನೆ ಈ ವರ್ಗವನ್ನೇ ಬಿಡುವ ಮಕ್ಕಳ ಪೋಷಕರ ಮೇಲೆ ಅನಗತ್ಯ ಹೊರೆ ಬೀಳುತ್ತದೆ.

ಮೊಬೈಲ್ ಪರದೆಗೆ, ಅಂಗಿಗಳಿಗೆ, ಪದಕಗಳಿಗೆ ಅದೇ ಅಕ್ಷರಗಳನ್ನು ತುಸು ದಪ್ಪವಾಗಿ ತಿದ್ದಿ ಬರೆಸಲಿ. ಹಾಯಿಯ ಮೇಲಿನದನ್ನು ಮುಟ್ಟದಿರುವುದೇ ಮೇಲು. ನನ್ನ ಅಂಕ: ಐದಕ್ಕೆ ಮೂರೂವರೆ.