ದಿಮ್ಮಿ ಎಳೆಯಲು ಡ್ರಮ್ಮಿನ ಮೂತಿಯೋ, ಕಮಾನು ಗಾಡಿಯೋ, ಬೈಕ್ ಇಂಜಿನ್ ವಿಂಚೋ?

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಅಡಿಕೆ ತೋಟ. ಒಂದು ಮಗ್ಗುಲಲ್ಲಿ ಗುಡ್ಡೆ, ಇನ್ನೊಂದು ಮಗ್ಗುಲಲ್ಲಿ ಹಳ್ಳ, ಎರಡಕ್ಕೂ ಸಿಲ್ವರ್ ಓಕ್ ಮತ್ತು ಅಕೇಶಿಯಾದ ಅಂಚು. ಮರ ಕಡಿಯುವುದು ಅರ್ಧ ದಿನದ ಕೆಲಸ. ಕಡಿದ ದಿಮ್ಮಿಯನ್ನು ಲಾರಿ ನಿಲ್ಲುವ ರಸ್ತೆಗೆ ತರುವುದೇ ರಗಳೆ. ಟ್ರ್ಯಾಕ್ಟರ್ ಇಳಿಯುವ ದಾರಿಯಿಲ್ಲ, ಜೆಸಿಬಿ ಬಂದರೆ ತೋಟದ ಬಸಿಗಾಲುವೆ ಮುಚ್ಚಿಹೋಗುತ್ತದೆ, ಎತ್ತು ಸಾಕುವವರು ಊರಲ್ಲಿ ಉಳಿದಿಲ್ಲ. ಹಾಗಾಗಿ ಗುಜರಿ ಅಂಗಡಿ ಮತ್ತು ವೆಲ್ಡಿಂಗ್ ಶಾಪನ್ನು ನಂಬಿ ಮೂರು ಸಾಧನ ಮಾಡಿಸಿದೆ. ಮೂರನ್ನೂ ಸಾಕಷ್ಟು ದುಡಿಸಿಕೊಂಡ ಮೇಲೆ ಬರೆಯುತ್ತಿದ್ದೇನೆ.

ಮೊದಲು ತೂಕದ ಅಂದಾಜು ಇರಲಿ. ಒಂದು ಅಡಿ ದಪ್ಪ, ಎಂಟು ಅಡಿ ಉದ್ದದ ದಿಮ್ಮಿ ಅಂದರೆ ಆರೂಕಾಲು ಘನ ಅಡಿ, ಸುಮಾರು 178 ಲೀಟರ್ ಗಾತ್ರ. ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ಭಾರ. ಕಡಿದ ವಾರದಲ್ಲಿ ಎಳೆಯುವುದಾದರೆ 170 ಕಿಲೋ ಎಂದೇ ಹಿಡಿಯಿರಿ. ದಪ್ಪ ಒಂದೂವರೆ ಅಡಿ ಆದರೆ ತೂಕ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು.

ಎಲ್ಲಕ್ಕಿಂತ ಅಗ್ಗದ್ದು ಡ್ರಮ್ಮಿನ ಮೂತಿ. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು, ಒಂದು ಕಡೆ ತ್ರಿಕೋನದ ಸೀಳು ತೆಗೆದು, ಬಿಸಿ ಮಾಡಿ ಬಾಗಿಸಿ, ನಟ್ ಬೋಲ್ಟ್ ಹಾಕಿದರೆ ಆಲಿಕೆಯಂಥ ಮೂತಿ ಸಿದ್ಧ. ದಿಮ್ಮಿಯ ತುದಿಗೆ ಇದನ್ನು ತೊಡಿಸಿ, ಚೈನನ್ನು ಮೂತಿಯ ತೂತಿನಿಂದ ಹೊರಗೆ ತೆಗೆಯುವುದು. ಇದು ಭಾರವನ್ನು ಒಂದು ಕಿಲೋ ಕೂಡ ಇಳಿಸುವುದಿಲ್ಲ. ಆದರೆ ದಿಮ್ಮಿಯ ತುದಿ ಮಣ್ಣಿಗೆ ಕಚ್ಚುವುದು, ಕುಳಿ, ಬೇರು, ಕಲ್ಲಿಗೆ ತಗುಲಿ ನಿಲ್ಲುವುದು ಎರಡೂ ತಪ್ಪುತ್ತದೆ. ದರಗಿನ (ಉದುರಿದ ಒಣ ಎಲೆಯ) ಮೇಲೆ ಸೊಗಸಾಗಿ ಜಾರುತ್ತದೆ. ಜಂಬಿಟ್ಟಿಗೆ ನೆಲದಲ್ಲಿ ಬೇಗ ಸವೆಯುತ್ತದೆ, ಹೋದರೆ ಹೋಯಿತು, ಇನ್ನೊಂದು ಡ್ರಮ್. ಬರೀ ಕೈಯಲ್ಲಿ ಎಳೆಯುವವರಿಗೆ ಮಾತ್ರ ಇದರಿಂದ ದೊಡ್ಡ ಉಪಕಾರವಿಲ್ಲ.

ನನ್ನ ಮೆಚ್ಚಿನದು ಎರಡು ಚಕ್ರದ ಕಮಾನು ಗಾಡಿ. ಬಾಕ್ಸ್ ಪೈಪಿನ ತಲೆಕೆಳಗಾದ ‘ಯು’ ಆಕಾರ, ಎರಡು ಕಾಲಿಗೂ ಒಂದೊಂದು ಚಕ್ರ, ಮುಂದಕ್ಕೆ ಉದ್ದನೆಯ ಮೂಕಿ, ಅಂದರೆ ಹಿಡಿದು ಎಳೆಯುವ ಕಂಬ. ಚಕ್ರದಿಂದ ಚಕ್ರಕ್ಕೆ ಅಡ್ಡ ಆಕ್ಸಲ್ ಇರಬಾರದು, ದಿಮ್ಮಿ ಕಮಾನಿನ ಕೆಳಗೇ ತೂಗಬೇಕು. ಮೂಕಿಯನ್ನು ಮೇಲೆತ್ತಿ ದಿಮ್ಮಿಯ ತುದಿಗೆ ಕೊಕ್ಕೆ ಹಾಕಿ, ಮೂಕಿಯನ್ನು ಕೆಳಗೆ ಒತ್ತಿದರೆ ತುದಿ ಏಳುತ್ತದೆ. ಚಕ್ರದ ನಡುವಿನಿಂದ ಕೊಕ್ಕೆಗೆ ಒಂದು ಅಡಿ, ಮೂಕಿಯ ಹಿಡಿಗೆ ಆರು ಅಡಿ ಇದ್ದರೆ, ಆ ತುದಿಯ 85 ಕಿಲೋ ಎತ್ತಲು ಕೈಗೆ ಬೀಳುವುದು ಹದಿನೈದು ಕಿಲೋದಷ್ಟು ಒತ್ತಡ. ಬಾವಿಯಿಂದ ಒಂದು ಕೊಡ ನೀರು ಸೇದುವಷ್ಟೇ.

ಚಕ್ರದ ವಿಷಯದಲ್ಲಿ ಜಿಪುಣತನ ಬೇಡ. ಬೈಕಿನ ಚಕ್ರ ದೊಡ್ಡದು, ಗುಂಡಿ ದಾಟುತ್ತದೆ, ಆದರೆ ಓರೆ ನೆಲದಲ್ಲಿ ಪಕ್ಕದ ಭಾರ ಬಿದ್ದರೆ ಕಡ್ಡಿಗಳು ಸೊಟ್ಟಗಾಗುತ್ತವೆ. ಸ್ಕೂಟರಿನ ಹತ್ತು ಇಂಚಿನ ಚಕ್ರ ಗಟ್ಟಿ, ಆದರೆ ಸಣ್ಣ ಕುಣಿಗೂ ಇಳಿದು ಕೂರುತ್ತದೆ. ಮಾರುತಿ 800ರ ಹಿಂದಿನ ಚಕ್ರ ಹಬ್ ಸಮೇತ ಗುಜರಿಯಲ್ಲಿ ಸಿಕ್ಕಿತು. ಹನ್ನೆರಡು ಇಂಚಿನ ರಿಮ್, ಡ್ರಮ್ ಬ್ರೇಕೂ ಜೊತೆಗೇ ಬಂತು. ಕೇಬಲ್ ಎಳೆಸಿ ಮೂಕಿಯ ಹತ್ತಿರ ಹ್ಯಾಂಡ್‌ಬ್ರೇಕ್ ಕೂರಿಸಿದ್ದೇನೆ.

ಕೆಲವರು ದಿಮ್ಮಿಯನ್ನು ನಡುವಿಗೆ ಕಟ್ಟಿ ಪೂರ್ತಿ ತೂಗಿಸುತ್ತಾರೆ. ಸಮತಟ್ಟಿನಲ್ಲಿ ಅದು ಹಗುರ, ಒಪ್ಪುತ್ತೇನೆ. ಇಳಿಜಾರಿನಲ್ಲಿ ಬೇಡವೇ ಬೇಡ. ಮುಂದಿನ ತುದಿ ಮಾತ್ರ ಎದ್ದು ಬಾಲ ನೆಲಕ್ಕೆ ಉಜ್ಜುತ್ತಿದ್ದರೆ ಆ ಉಜ್ಜುವಿಕೆಯೇ ಬ್ರೇಕು. ಇಲ್ಲದಿದ್ದರೆ ಗಾಡಿ ನಿಮ್ಮನ್ನೇ ಅಟ್ಟಿಸಿಕೊಂಡು ಬರುತ್ತದೆ.

ವಿಂಚ್ ಅಂದರೆ ಉರುಳೆಗೆ ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ. ಅದನ್ನು ನೋಡಲು ಊರವರೆಲ್ಲ ಬಂದಿದ್ದರು. ಹಳೆಯ 100 ಸಿಸಿ ಬೈಕಿನ ಇಂಜಿನ್, ಎರಡು ಹಂತದ ಚೈನ್ ಸ್ಪ್ರಾಕೆಟ್, ಪೈಪಿನ ಉರುಳೆ, 8 ಎಂಎಂ ಉಕ್ಕಿನ ಹಗ್ಗ. ಒಂದನೇ ಗೇರಿನಲ್ಲಿ ನಿಮಿಷಕ್ಕೆ ಇಪ್ಪತ್ತೈದು ಮೂವತ್ತು ಅಡಿ ಎಳೆಯುತ್ತದೆ. ಹಳ್ಳದಿಂದ ಧರೆ (ಕಡಿದಾದ ದಂಡೆ) ಹತ್ತಿಸಬೇಕೆಂದರೆ ಇದಕ್ಕೆ ಸಾಟಿಯಿಲ್ಲ, ಗಾಡಿ ಅಲ್ಲಿ ಕೈಸೋಲುತ್ತದೆ. ಆದರೆ ಇದರ ತಲೆನೋವುಗಳೂ ಹಲವು. ಬೈಕಿನ ಇಂಜಿನ್ ಓಡುವಾಗ ಬೀಸುವ ಗಾಳಿಗೆ ತಣ್ಣಗಾಗುವಂಥದ್ದು, ನಿಂತಲ್ಲೇ ದುಡಿದರೆ ಕಾದು ಕೆಂಡವಾಗುತ್ತದೆ. ನಡುನಡುವೆ ನಿಲ್ಲಿಸಲೇಬೇಕು. ಹೊಸದಾಗಿ ಮಾಡಿಸುವವರು ಫ್ಯಾನ್ ಇರುವ ಹಳೆಯ ಸ್ಕೂಟರ್ ಅಥವಾ ಆಟೋ ಇಂಜಿನ್ ಹುಡುಕಲಿ. ಇನ್ನು ಹಗ್ಗ. 8 ಎಂಎಂ ಹಗ್ಗ ತುಂಡಾಗುವುದು ಸುಮಾರು ಮೂರೂವರೆ ಟನ್ನಿಗೆ, ಆದರೆ ನೆಚ್ಚಬೇಕಾದ್ದು ಅದರ ಐದನೇ ಒಂದು ಪಾಲು, 700 ಕಿಲೋ ಮಾತ್ರ. ದಿಮ್ಮಿ ಕುಳಿಗೆ ಸಿಕ್ಕಿಕೊಂಡರೆ ಈ ಪುಟ್ಟ ಇಂಜಿನ್ನೇ ಆ ಮಿತಿ ದಾಟಿ ಜಗ್ಗಬಲ್ಲದು. ಬಿಗಿದ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿಡಿ, ತುಂಡಾದರೆ ಚಾಟಿಯಂತೆ ಬೀಸುವುದು ಕಡಿಮೆಯಾಗುತ್ತದೆ. ಹಗ್ಗ ತಿರುಗುವ ಕಡೆ ಒಳಮೂಲೆಯಲ್ಲಿ ಯಾರೂ ನಿಲ್ಲಬಾರದು. ವಿಂಚನ್ನು ಮರಕ್ಕೆ ಬಿಗಿಯಲು ಅಗಲ ಬೆಲ್ಟ್ ಬಳಸಿ, ಉಕ್ಕಿನ ಹಗ್ಗ ತೊಗಟೆಯನ್ನು ಸುಲಿದುಬಿಡುತ್ತದೆ.

ಖರ್ಚು ನೋಡಿದರೆ ಮೂತಿಗೆ ಹೆಚ್ಚುಕಡಿಮೆ ಡ್ರಮ್ಮಿನ ಬೆಲೆಯೇ. ಗಾಡಿಗೆ ಅದರ ಹತ್ತು ಪಟ್ಟು, ವಿಂಚಿಗೆ ಗಾಡಿಯ ಮೂರು ಪಟ್ಟಾಯಿತು. ರಿಪೇರಿಯೂ ಅದೇ ಕ್ರಮದಲ್ಲಿ ಏರುತ್ತದೆ.

ನಾನೀಗ ಮಾಡುವುದು ಹೀಗೆ: ಹಳ್ಳದ ಕಡೆಯ ದಿಮ್ಮಿಗೆ ಮೂತಿ ತೊಡಿಸಿ ವಿಂಚಿನಿಂದ ಧರೆ ಹತ್ತಿಸುವುದು, ಅಲ್ಲಿಂದ ರಸ್ತೆಗೆ ಕಮಾನು ಗಾಡಿ. ಗುಡ್ಡೆಯ ಕಡೆಯದಕ್ಕೆ ಗಾಡಿಯೊಂದೇ ಸಾಕು. ಏರು ಎಳೆಯುವ ಪ್ರಮೇಯವೇ ಇಲ್ಲದವರು ವಿಂಚಿನ ಆಸೆಗೆ ಬೀಳಬೇಡಿ, ಗಾಡಿ ಮಾಡಿಸಿ. ಅಡಿಕೆ ಸಾಲಿನ ನಡುವೆ ಒಂಬತ್ತು ಅಡಿ ಇರುತ್ತದೆ, ಅಲ್ಲಿ ತೊಂದರೆಯಿಲ್ಲ. ಸಿಕ್ಕಿಬೀಳುವುದು ಕಾಲುವೆ ದಾಟುವ ಸಂಕದಲ್ಲಿ, ಅಂದರೆ ಕಿರುಸೇತುವೆಯಲ್ಲಿ. ವೆಲ್ಡಿಂಗ್‌ನವರಿಗೆ ಗಾಡಿಯ ಅಗಲ ಹೇಳುವ ಮೊದಲು ಸಂಕದ ಅಗಲ ಅಳೆದುಕೊಂಡು ಹೋಗಿ.